ಬಿಸಿಲ ನಾಡಿನಲ್ಲಿ ತಣ್ಣನೆ ಮೇಣ: ಕೋಲ್ಡ್ ವ್ಯಾಕ್ಸ್ ಮತ್ತು ಎಣ್ಣೆ ಬಣ್ಣದಲ್ಲಿ ಅಮೂರ್ತ ಮುಖಚಿತ್ರ

ಕೋಲ್ಡ್ ವ್ಯಾಕ್ಸ್ ಎಂದರೆ ಎಣ್ಣೆ ಬಣ್ಣಕ್ಕೆ ಕಾಯಿಸದೆ ಬೆರೆಸುವ ಮೇಣದ ಪೇಸ್ಟ್. ಅದರ ಡಬ್ಬಿಯ ಮೇಲಿನ ಸೂಚನೆ ಓದಿದರೆ, ಅದನ್ನು ಬರೆದವರು ತಂಪು ದೇಶದ ಕೋಣೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ಕಾಣುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಬಿಸಿ 40 ಡಿಗ್ರಿ ದಾಟಿದ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೆ ಅದೇ ಡಬ್ಬಿ ತೆರೆದರೆ ಒಳಗಿರುವುದು ಗಟ್ಟಿ ಬೆಣ್ಣೆಯಲ್ಲ, ಕರಗುತ್ತಿರುವ ಬೆಣ್ಣೆ. ಪ್ಯಾಲೆಟ್ ಮೇಲಿಟ್ಟ ಮಿಶ್ರಣವಾದರೋ ಫ್ಯಾನಿನ ಗಾಳಿಗೆ ಅರ್ಧ ಗಂಟೆಯಲ್ಲಿ ಬಿಗಿಯುತ್ತದೆ. ಇವೆರಡೂ ಒಟ್ಟಿಗೆ ಆಗುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ. ಕಾರಣ ಸರಳ: ಬಿಸಿಗೆ ಮೇಣ ಮೆತ್ತಗಾಗುತ್ತದೆ, ಅದೇ ಬಿಸಿಗೆ ಅದರೊಳಗಿನ ದ್ರಾವಕ ಬೇಗ ಹಾರಿಹೋಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಮಾಧ್ಯಮದಲ್ಲಿ ಕೆಲಸ ಮಾಡುವವರು ಮೊದಲು ಕಲಿಯಬೇಕಾದ್ದು ಗಡಿಯಾರದ ಲೆಕ್ಕ. ಮುಖ ಬಿಡಿಸುವುದು ಆಮೇಲಿನ ಮಾತು.

ಮೇಣಕ್ಕೂ ಮುಖಕ್ಕೂ ನಂಟು ಹಳೆಯದು. ಈಜಿಪ್ಟಿನ ಫಯ್ಯೂಮ್ ಕಡೆ ಕ್ರಿಸ್ತಶಕ 1ರಿಂದ 3ನೇ ಶತಮಾನದ ನಡುವೆ ಮಮ್ಮಿಗಳ ಮುಖದ ಮೇಲೆ ಕೂರಿಸಲು ತೆಳು ಹಲಗೆಯ ಮೇಲೆ ಬರೆದ ಮುಖಚಿತ್ರಗಳಲ್ಲಿ ಅನೇಕವು ಮೇಣದವೇ. ಆದರೆ ಅದು ಬಿಸಿ ಮೇಣದ ಕೆಲಸ. ಕಾಯಿಸಿ ಕರಗಿಸಿ ಹಚ್ಚುವುದು. ಇಲ್ಲಿ ಹೇಳುತ್ತಿರುವುದು ಜೇನುಮೇಣವನ್ನು ದ್ರಾವಕದಲ್ಲಿ ಕರಗಿಸಿ ಪೇಸ್ಟ್ ಮಾಡಿ, ಆಯಿಲ್ ಕಲರಿಗೆ ಬೆರೆಸಿ, ಒಲೆಯ ಹಂಗಿಲ್ಲದೆ ಹಚ್ಚುವ ವಿಧಾನ. ದ್ರಾವಕ ಹಾರಿದ ಮೇಲೆ ಮೇಣ ಬಿಗಿಯುತ್ತದೆ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಣ ತಾನಾಗಿ ಎಂದೂ ‘ಒಣಗುವುದಿಲ್ಲ’, ಚಿತ್ರಕ್ಕೆ ಗಟ್ಟಿತನ ಕೊಡುವುದು ಎಣ್ಣೆಯೇ. ಮುಂದೆ ಬರುವ ಅಳತೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹಲಗೆ

ಬಟ್ಟೆಯ ಕ್ಯಾನ್ವಾಸ್ ಬೇಡ. ಮೇಣದ ಪದರಕ್ಕೆ ಬಾಗುವ ಗುಣ ಕಡಿಮೆ. ಹಿಂದಿನಿಂದ ಬೆರಳು ತಾಗಿದರೂ ಬಿರುಕು ಬಿಡಬಹುದು. ಜೊತೆಗೆ ಒತ್ತಿ ಎಳೆಯುವ, ಕೆರೆಯುವ ಕೆಲಸಕ್ಕೆ ಕ್ಯಾನ್ವಾಸ್ ಕೆಳಗೆ ಜಗ್ಗುತ್ತದೆ. ಕ್ಯಾನ್ವಾಸೇ ಬೇಕೆಂದರೆ ಮೇಣ ಮಿಶ್ರಣದ ಕಾಲು ಭಾಗ ಮೀರಬಾರದು, ಆಗ ಈ ಮಾಧ್ಯಮದ ಅರ್ಧ ಸುಖವೇ ಹೋಗುತ್ತದೆ.

12×16 ಇಂಚಿನ ಪ್ಲೈವುಡ್ ಕಲಿಯಲು ಸರಿಯಾದ ಗಾತ್ರ. ದಪ್ಪ 8 ಅಥವಾ 12 ಮಿಲಿಮೀಟರ್ ಇರಲಿ. 6 ಮಿಲಿಮೀಟರಿನದಾದರೆ ಹಿಂದೆ ನಾಲ್ಕೂ ಕಡೆ 1 ಇಂಚಿನ ಮರದ ಪಟ್ಟಿ ಅಂಟಿಸಿ ಮೊಳೆ ಹೊಡೆಯಬೇಕು, ಇಲ್ಲದಿದ್ದರೆ ಮೊದಲ ಬೇಸಿಗೆಗೇ ಬಾಗುತ್ತದೆ. ಪ್ಲೈವುಡ್ ಅಂಗಡಿಯವರು ಕೊಯ್ದು ಉಳಿಸಿದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅಂಚು ಸುಲಿದಿದ್ದರೆ, ಪದರಗಳ ನಡುವೆ ಟೊಳ್ಳಿದ್ದರೆ ತರಬೇಡಿ. ಬೆರಳಿನಿಂದ ತಟ್ಟಿದಾಗ ಟೊಳ್ಳು ದನಿ ಬಂದ ಕಡೆ ಮುಂದೆ ಬಣ್ಣ ಎದ್ದೇಳುತ್ತದೆ.

ಹಲಗೆಗೆ ನೇರವಾಗಿ ಎಣ್ಣೆ ಬಣ್ಣ ತಾಗಕೂಡದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ಮರದ ಮೇಲೆ ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿದ ಕಿಟ್ಟದಿಂದ ಮೈ ಕಟ್ಟಿ, ನಯ ಮಾಡಿ, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಾರೆ. ನಮ್ಮ ಕೆಲಸಕ್ಕೆ ಆ ಜಾಗದಲ್ಲಿ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಪ್ರೈಮರ್) ಸಾಕು. ಮೂರು ಕೋಟ್, ಒಂದು ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ನಡುನಡುವೆ 2 ಗಂಟೆ ಬಿಡುವು, ಪ್ರತಿ ಸಲ 220 ನಂಬರಿನ ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜುವುದು. ಗಾಜಿನಂತೆ ನುಣುಪು ಮಾಡಬೇಡಿ. ಮೇಣ ಹಿಡಿದುಕೊಳ್ಳಲು ಸ್ವಲ್ಪ ಒರಟು ಬೇಕು. ಗೋಡೆಗೆ ಬಳಿಯುವ ಡಿಸ್ಟೆಂಪರ್ ಜೆಸ್ಸೊ ಅಲ್ಲ. ಅದು ಪುಡಿಯಾಗಿ ಉದುರುತ್ತದೆ, ಮೇಲಿನ ಚಿತ್ರವೂ ಅದರ ಜೊತೆ ಉದುರುತ್ತದೆ. ಹಿಂಬದಿಗೂ ಒಂದು ಕೋಟ್ ಹೊಡೆದರೆ ಹಲಗೆ ಒಂದೇ ಕಡೆಗೆ ಎಳೆಯುವುದಿಲ್ಲ.

ಮೇಣದ ಪೇಸ್ಟ್

ತಯಾರಿಸಿದ ಡಬ್ಬಿಗಳನ್ನು ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕು, ಬೆಲೆಯೂ ಜಾಸ್ತಿ. ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟವಲ್ಲ, ಆದರೆ ಬೆಂಕಿಯ ವಿಷಯದಲ್ಲಿ ಹುಡುಗಾಟ ನಡೆಯದು. ಟರ್ಪೆಂಟೈನಿನ ಆವಿ ಕಿಡಿಗೆ ಹೊತ್ತಿಕೊಳ್ಳಲು ಸುಮಾರು 35 ಡಿಗ್ರಿ ಸಾಕು. ನಮ್ಮ ಬೇಸಿಗೆಯಲ್ಲಿ ಕೋಣೆಯೇ ಅದಕ್ಕಿಂತ ಬಿಸಿ. ಆದ್ದರಿಂದ ಮೇಣ ಕಾಯಿಸಿ ಟರ್ಪೆಂಟೈನ್ ಸುರಿಯುವ ವಿಧಾನವನ್ನು ಇಲ್ಲಿ ಹೇಳುತ್ತಲೇ ಇಲ್ಲ. ಒಲೆಯಿಲ್ಲದೆ ಕರಗಿಸುವ ದಾರಿಯಿದೆ, ಅದಕ್ಕೆ ನಮ್ಮ ಸೆಖೆಯೇ ಸಹಾಯ ಮಾಡುತ್ತದೆ.

100 ಗ್ರಾಂ ಜೇನುಮೇಣವನ್ನು ಕೊಬ್ಬರಿ ತುರಿಯುವ ಹಾಗೆ ಸಣ್ಣಗೆ ತುರಿಯಿರಿ. (ಆ ತುರಿಮಣೆ ಮತ್ತೆ ಅಡುಗೆಮನೆಗೆ ಹೋಗಬಾರದು.) ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಬೇಸಿಗೆಯಲ್ಲಾದರೆ 200 ಮಿಲಿಲೀಟರ್, ಡಿಸೆಂಬರ್–ಜನವರಿಯಲ್ಲಾದರೆ 250 ಮಿಲಿಲೀಟರ್ ದ್ರಾವಕ ಸುರಿಯಿರಿ. ವಾಸನೆ ಕಡಿಮೆಯ ಮಿನರಲ್ ಸ್ಪಿರಿಟ್ ಸಿಕ್ಕರೆ ಅದೇ ಉತ್ತಮ. ಕಲಾವಿದರಿಗೆಂದೇ ಮಾಡಿದ ಒಳ್ಳೆಯ ಬಗೆಯದು ಹೊತ್ತಿಕೊಳ್ಳಲು 60 ಡಿಗ್ರಿಯ ಆಸುಪಾಸು ಬೇಕು. ಭರಣಿಯಲ್ಲಿ ಕಾಲು ಭಾಗ ಖಾಲಿ ಬಿಟ್ಟು ಮುಚ್ಚಳ ಹಾಕಿ, ಗಾಳಿಯಾಡುವ ನೆರಳಲ್ಲಿಡಿ. ಬಿಸಿಲಿಗೆ ಬೇಡ, ದೇವರ ಮನೆಯ ದೀಪದ ಹತ್ತಿರವಂತೂ ಬೇಡವೇ ಬೇಡ. ದಿನಕ್ಕೆ ಮೂರು ಸಲ ಕಡ್ಡಿಯಿಂದ ಕಲಕುತ್ತಿದ್ದರೆ ಒಂದೆರಡು ದಿನದಲ್ಲಿ ಮೇಣವೆಲ್ಲ ಕರಗಿ ಪೇಸ್ಟ್ ಕೂಡುತ್ತದೆ. ಕಡ್ಡಿ ಎತ್ತಿದರೆ ತುದಿಯಲ್ಲಿ ಗುಪ್ಪೆ ನಿಲ್ಲಬೇಕು, ಹರಿಯಬಾರದು. ಹರಿದರೆ ಇನ್ನೊಂದು 20 ಗ್ರಾಂ ತುರಿ ಸೇರಿಸಿ.

ಮೇಣ ಶುದ್ಧವೋ ಅಲ್ಲವೋ ನೋಡಿಕೊಳ್ಳಿ. ಜೇನುಮೇಣಕ್ಕೆ ಪ್ಯಾರಾಫಿನ್ ಬೆರೆಸಿ ಮಾರುವುದುಂಟು. ಅಂಗೈಯಲ್ಲಿಟ್ಟು ಹಿಸುಕುತ್ತಾ ಹೋದರೆ ಶುದ್ಧ ಮೇಣ ಕಣಕದ ಹಾಗೆ ಒಂದಾಗುತ್ತದೆ, ತುಸು ಅಂಟುತ್ತದೆ, ಜೇನಿನ ವಾಸನೆ ಬರುತ್ತದೆ. ಪ್ಯಾರಾಫಿನ್ ಜಾರುತ್ತದೆ, ಚೂರುಚೂರಾಗಿ ಒಡೆಯುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಆದರೆ 35 ದಾಟುವ ಹೊತ್ತಿಗೇ ಬೆರಳಿಗೆ ಬಗ್ಗುತ್ತದೆ. ಅದಕ್ಕೇ ನಮ್ಮ ಕಡೆ ಒಂದು ಸೇರ್ಪಡೆ ಬೇಕು: ಬಣ್ಣ ಕಲಸುವಾಗ ಒಟ್ಟು ಮಿಶ್ರಣದ ಹತ್ತರಲ್ಲಿ ಒಂದು ಪಾಲು ಆಲ್ಕಿಡ್ ಮೀಡಿಯಂ (ಎಣ್ಣೆ ಬಣ್ಣಕ್ಕೆ ಬೆರೆಸುವ ಕೃತಕ ರಾಳ). ಅದು ಎಣ್ಣೆಯನ್ನು ಬೇಗ ಗಟ್ಟಿ ಮಾಡುತ್ತದೆ. ಚಳಿಗಾಲದಲ್ಲಿ ಬಿಟ್ಟರೂ ನಡೆದೀತು.

ಬಣ್ಣ, ಅಳತೆ, ಮೈಬಣ್ಣ

ಆಯಿಲ್ ಕಲರ್ ಒಂದು ಪಾಲು, ಮೇಣದ ಪೇಸ್ಟ್ ಒಂದು ಪಾಲು. ಇದು ಮೇಲ್ಮಿತಿ. ಬೇಸಿಗೆಯಲ್ಲಿ ಬಣ್ಣ ಎರಡು, ಮೇಣ ಒಂದು ಇಟ್ಟುಕೊಳ್ಳುವುದು ಕ್ಷೇಮ. ಪೇಸ್ಟ್ ಹೆಚ್ಚಾದಷ್ಟೂ ಪದರ ಹಾಲುಹಾಲಾಗಿ ಮೋಹಕವಾಗಿ ಕಾಣುವುದು ನಿಜ. ಆದರೆ ಅದನ್ನು ಹಿಡಿದಿಡುವ ಎಣ್ಣೆ ಸಾಲದೆ ಆರು ತಿಂಗಳಾದರೂ ಉಗುರಿಗೆ ಗೆರೆ ಬೀಳುತ್ತಲೇ ಇರುತ್ತದೆ. 12×16ರ ಹಲಗೆಗೆ ಒಂದು ತೆಳು ಪದರಕ್ಕೆ 25–30 ಮಿಲಿಲೀಟರ್ ಮಿಶ್ರಣ ಬೇಕು. ಆರು ಪದರ, ಕೆರೆದು ಹೋಗುವ ಪಾಲು ಎಲ್ಲ ಸೇರಿ 200 ಮಿಲಿಲೀಟರ್ ಇಟ್ಟುಕೊಳ್ಳಿ. 40 ಮಿಲಿಲೀಟರಿನ ಬಿಳಿ ಟ್ಯೂಬ್ ಎರಡು, ಉಳಿದ ಬಣ್ಣ 20ರದು ಒಂದೊಂದು ಸಾಕು. ವಿದ್ಯಾರ್ಥಿ ದರ್ಜೆಯ ಟ್ಯೂಬಿನಿಂದ ಎಣ್ಣೆ ಬೇರೆಯಾಗಿ ಜಿನುಗಿದರೆ ಬಣ್ಣವನ್ನು ಹಳೆಯ ಪತ್ರಿಕೆಯ ಮೇಲೆ ಹತ್ತು ನಿಮಿಷ ಇಟ್ಟು ಆಮೇಲೆ ಕಲಸಿ.

ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ವಿರಿಡಿಯನ್, ಒಂದು ಗಾಢ ಕೆಂಪು. ಕಪ್ಪು ಬೇಕಿಲ್ಲ, ಐವರಿ ಬ್ಲ್ಯಾಕ್ ಒಣಗುವುದು ನಿಧಾನ, ಕೆಳಪದರದಲ್ಲಿ ಇದ್ದರೆ ಮೇಲಿನದೆಲ್ಲ ಅದರ ಮೇಲೆ ಜಾರುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಅದು ಕೆಳಗಿರಲಿ. ಅಂಬರಿಗೆ ಅಲ್ಟ್ರಾಮರೀನ್ ಸೇರಿಸಿದರೆ ಕಪ್ಪಿಗಿಂತ ಜೀವಂತ ಕಪ್ಪು ಸಿಗುತ್ತದೆ.

ಮೈಬಣ್ಣದ ವಿಷಯದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮಾರುಕಟ್ಟೆಯ ‘ಫ್ಲೆಶ್ ಟಿಂಟ್’ ಟ್ಯೂಬ್ ನಮ್ಮ ಯಾರ ಮೈಬಣ್ಣವೂ ಅಲ್ಲ. ಬಿಸಿಲಲ್ಲಿ ಹೊಲದ ಕೆಲಸ ಮಾಡಿದ ಮುಖಕ್ಕೆ ಬೆಳಕು ತೋರಿಸಲು ಕಂದಿಗೆ ಬಿಳಿ ಬೆರೆಸುತ್ತಾ ಹೋದರೆ ಬೂದಿ ಬಳಿದ ಹಾಗಾಗುತ್ತದೆ. ಕಪ್ಪು ಮೈಯ ಮೇಲೆ ಬೀಳುವ ಬೆಳಕು ಆಕಾಶದ ನೀಲಿಯನ್ನು ಹಿಡಿಯುತ್ತದೆ. ಆದ್ದರಿಂದ ಹಣೆ, ಕೆನ್ನೆಮೂಳೆಯ ಹೊಳಪಿಗೆ ಅಲ್ಟ್ರಾಮರೀನ್, ಬಿಳಿ, ಚಿಟಿಕೆ ಸಿಯೆನಾ. ನಡು ಬಣ್ಣಕ್ಕೆ ಸಿಯೆನಾ ಎರಡು, ಓಕರ್ ಒಂದು. ನೆರಳಿಗೆ ಅಂಬರ್, ಗಾಢ ಕೆಂಪು, ತುಸು ವಿರಿಡಿಯನ್. ಮಸಾರಿ ನೆಲದ ಕೆಂಪನ್ನೇ ಬಳಸುವ ಆಸೆ ಸಂಡೂರಿನ ಕಡೆ ಓಡಾಡಿದವರಿಗೆಲ್ಲ ಬರುತ್ತದೆ, ಬಳಸಬಹುದು ಕೂಡ: ಆ ಕೆಂಪು ಕಬ್ಬಿಣದ ಆಕ್ಸೈಡು, ಬೆಳಕಿಗೆ ಮಾಸದು. ಒಂದು ಬೊಗಸೆ ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿ, ಒಂದು ನಿಮಿಷ ಬಿಟ್ಟು, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿ ಕಳೆದ ಮೇಲೆ ತಿಳಿ ಚೆಲ್ಲಿ, ತಳದ ಕೆಸರು ಒಣಗಿಸಿ, ಅರೆದು, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಅಗಸೆ ಎಣ್ಣೆ ಹನಿ ಹನಿಯಾಗಿ ಸೇರಿಸಿ ಕಲಸಿ. ಅರೆಯುವಾಗ ಮುಖಕ್ಕೆ ಮಾಸ್ಕ್, ಫ್ಯಾನ್ ಆಫ್. ಎಣ್ಣೆ ಎಂದರೆ ಕಲಾವಿದರ ಲಿನ್‌ಸೀಡ್ ಆಯಿಲ್. ಗಾಣದ ಕುಸುಬೆ ಎಣ್ಣೆಯನ್ನು ಇದಕ್ಕೆ ಸುರಿಯಬೇಡಿ, ಅದು ಒಣಗುವುದು ಬಲು ನಿಧಾನ. ಎರೆ ಮಣ್ಣನ್ನಂತೂ ಮುಟ್ಟಬೇಡಿ. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಅದರ ಗುಣ ಹೊಲದಲ್ಲಿ ನೋಡಿದ್ದೀರಲ್ಲ.

ಕೈಗೆ ಸಿಗುವ ಸಲಕರಣೆ

ಬ್ರಷ್ಷಿನ ಕೆಲಸ ಇಲ್ಲಿ ಬಹಳ ಕಡಿಮೆ. ಕಾರಿಗೆ ಪುಟ್ಟಿ ಎಳೆಯುವವರ ಬಳಿ ಇರುವ ರಬ್ಬರ್ ಪಟ್ಟಿ, ಒಂದು 4 ಇಂಚಿನ ಪುಟ್ಟಿ ಬ್ಲೇಡ್, ಒಂದು ಪ್ಯಾಲೆಟ್ ನೈಫ್, ಅವಧಿ ಮುಗಿದ ಎಟಿಎಂ ಕಾರ್ಡ್ ಮೂರು ನಾಲ್ಕು (ಒಂದನ್ನು ಹಲ್ಲುಹಲ್ಲಾಗಿ ಕತ್ತರಿಸಿ), 4 ಇಂಚಿನ ರಬ್ಬರ್ ರೋಲರ್, ಬಿದಿರು ಕಡ್ಡಿ, ಬಟರ್ ಪೇಪರ್. ಒರೆಸಲು ಹಳೆ ಬನಿಯನ್, ನೈಟ್ರೈಲ್ ಕೈಗವಸು. ಮೈ ಮೂಡಿಸಲು ಬಳ್ಳಾರಿಯವರಿಗೆ ಒಂದು ವರವಿದೆ: ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ಡೆನಿಮ್ ಚೂರು. ಹಸಿ ಪದರಕ್ಕೆ ಒತ್ತಿ ಎತ್ತಿದರೆ ಅದರ ಓರೆ ನೇಯ್ಗೆ ಹಾಗೇ ಅಚ್ಚೊತ್ತುತ್ತದೆ. ಕತ್ತಿನ ಕೆಳಗೆ, ಸೆರಗಿನ ಜಾಗದಲ್ಲಿ ಆ ಗೆರೆಗಳಿಗೆ ಬೇರೆ ಕೆಲಸವೇ ಬೇಡ. ಎರಡು ಸಲ ಒಗೆದು ಬಳಸಿ, ಹೊಸ ಬಟ್ಟೆಯ ನೀಲಿ ತಿಳಿಬಣ್ಣಕ್ಕೆ ಹತ್ತುತ್ತದೆ.

ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಲಿನ್‌ಸೀಡ್ ಎಣ್ಣೆ ಒಣಗುವಾಗ ಬಿಸಿ ಹೊರಡುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ.

ಯಾವ ಮುಖ, ಎಷ್ಟು ಮುಖ

ಅಮೂರ್ತ ಮುಖಚಿತ್ರವೆಂದರೆ ಗುರುತು ಸಿಗದ ಹಾಗೆ ಕೆಡಿಸುವುದು ಎಂದು ತಿಳಿದವರಿದ್ದಾರೆ. ಏನನ್ನು ಉಳಿಸುವುದು ಎಂದು ಮೊದಲೇ ನಿರ್ಧರಿಸಿ, ಉಳಿದದ್ದನ್ನು ಬಿಟ್ಟುಕೊಡುವುದು ಇಲ್ಲಿನ ಕೆಲಸ. ತೊಗಲುಗೊಂಬೆಯನ್ನು ನೆನಪಿಸಿಕೊಳ್ಳಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಮೇಳದಿಂದ ದೂರದೂರಕ್ಕೆ ಪರಿಚಯವಾದ ಆ ಗೊಂಬೆಗಳಲ್ಲಿ ಪಕ್ಕಮುಖದ ಮೇಲೂ ಕಣ್ಣು ಪೂರ್ತಿ ಎದುರಿಗೆ ನೋಡುವಂತೆ ಇರುತ್ತದೆ. ಲೆಕ್ಕಕ್ಕೆ ತಪ್ಪು, ನೋಟಕ್ಕೆ ಸರಿ. ಪರದೆಯ ಆಚೆ ಕೂತವರಿಗೆ ಬೇಕಾದದ್ದು ಅಷ್ಟೇ ಉಳಿದಿದೆ.

ಫೋಟೊ ತೆಗೆಯುವುದಾದರೆ ಮಧ್ಯಾಹ್ನ ಬಯಲಿನಲ್ಲಿ ತೆಗೆಯಬೇಡಿ. ನೆತ್ತಿಯ ಬಿಸಿಲಿಗೆ ಕಣ್ಣಿನ ಗುಳಿ ಎರಡೂ ಕತ್ತಲಾಗಿ ಮುಖ ಬುರುಡೆಯಂತೆ ಕಾಣುತ್ತದೆ. ಬೆಳಗಿನ 8ರ ಹೊತ್ತಿಗೆ ಪಡಸಾಲೆಯಲ್ಲಿ ಬಾಗಿಲ ಪಕ್ಕಕ್ಕೆ ಕೂರಿಸಿದರೆ ಅರ್ಧ ಬೆಳಕು, ಅರ್ಧ ನೆರಳು ತಾನಾಗಿ ಸಿಗುತ್ತದೆ. ಮಾಳಿಗೆ ಮನೆಯ ಬೆಳಕಿಂಡಿಯ ಕೆಳಗಿನ ಬೆಳಕೂ ಚೆನ್ನ.

ಫೋಟೊವನ್ನು ಕಣ್ಣು ಕಿರಿದು ಮಾಡಿ ನೋಡಿ, ಮೂರೇ ಛಾಯೆಗೆ ಇಳಿಸಿ: ಗಾಢ, ನಡು, ತಿಳಿ. ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಚೌಕಗಳಲ್ಲಿ ದಪ್ಪ ಮಾರ್ಕರಿನಿಂದ ಆರು ಕರಡು ಮಾಡಿ. ಪೆನ್ಸಿಲ್ ಬೇಡ, ಅದು ರೆಪ್ಪೆ, ತುಟಿ ಎಂದು ವಿವರಕ್ಕೆ ಎಳೆಯುತ್ತದೆ. ಆರರಲ್ಲಿ ಯಾವುದು ಹತ್ತು ಅಡಿ ದೂರದಿಂದಲೂ ‘ಇದು ತಲೆ, ಇದು ಕತ್ತು, ಇತ್ತ ಬಾಗಿದೆ’ ಎಂದು ಹೇಳುತ್ತದೋ ಅದನ್ನು ಆರಿಸಿ. ಗುರುತು ಹಿಡಿಸುವುದು ಬಹುಮಟ್ಟಿಗೆ ತಲೆ ಕತ್ತಿನ ಮೇಲೆ ಕೂತ ಓರೆಯೇ. ದೂರದ ದಾರಿಯಲ್ಲಿ ಬರುತ್ತಿರುವ ಪರಿಚಿತರನ್ನು ಮೂಗು ನೋಡಿ ಗುರುತಿಸುತ್ತೇವೆಯೇ? ತಲೆಯ ಓರೆ, ಹೆಗಲ ಇಳಿಜಾರು, ರುಮಾಲು ಅಥವಾ ತುರುಬಿನ ಹೊರಗೆರೆ: ಈ ಮೂರರಲ್ಲಿ ಎರಡನ್ನು ಕೊನೆಯವರೆಗೆ ಕಾಯಿರಿ. ಒಂದೇ ಒಂದು ಅಳತೆ ನೆನಪಿರಲಿ, ಕಣ್ಣಿನ ಸಾಲು ತಲೆಯ ಎತ್ತರದ ನಡುವೆ ಬರುತ್ತದೆ. ಕಲಿಯುವವರು ಅದನ್ನು ಯಾವಾಗಲೂ ಮೇಲಕ್ಕೆ ಏರಿಸಿ ನೆತ್ತಿ ಚಪ್ಪಟೆ ಮಾಡುತ್ತಾರೆ. ಎಷ್ಟೇ ಅಮೂರ್ತವಾದರೂ ಆ ತಪ್ಪು ಎದ್ದು ಕಾಣುತ್ತದೆ.

ಮೊದಲ ಎರಡು ಪದರ

ಕೆಲಸದ ಹೊತ್ತು: ಬೇಸಿಗೆಯಲ್ಲಿ ಬೆಳಗ್ಗೆ 6ರಿಂದ 9, ಅಥವಾ ರಾತ್ರಿ. ಮಿಶ್ರಣವನ್ನು ಒಂದು ಸಲಕ್ಕೆ ಎರಡು ಮೂರು ಚಮಚೆಯಷ್ಟೇ ಕಲಸಿ, ಉಳಿದದ್ದನ್ನು ಬಟರ್ ಪೇಪರ್ ಹೊದಿಸಿಡಿ.

ಮುಖದಲ್ಲಿ ಕೊನೆಗೆ ಬರಲಿರುವ ಬಣ್ಣಕ್ಕೆ ವಿರುದ್ಧವಾದುದನ್ನು ಕೆಳಗೆ ಹಾಕಿ. ಕಂದು ಮೈಗೆ ವಿರಿಡಿಯನ್–ಓಕರ್ ಬೆರೆತ ಹಸಿರು ಅಥವಾ ಮಂಕು ನೀಲಿ. ಆಮೇಲೆ ಕೆರೆದಾಗ ಈ ಬಣ್ಣವೇ ಹೊರಬಂದು ನೆರಳಿಗೆ ಜೀವ ಕೊಡುತ್ತದೆ. ಕೆಳಗೂ ಕಂದು, ಮೇಲೂ ಕಂದು ಇದ್ದರೆ ಕೆರೆದೂ ಪ್ರಯೋಜನವಿಲ್ಲ. ರಬ್ಬರ್ ಪಟ್ಟಿಯಿಂದ ರೊಟ್ಟಿಗೆ ಬೆಣ್ಣೆ ಸವರಿದಷ್ಟು ತೆಳುವಾಗಿ ಎಳೆಯಿರಿ. ಹಲಗೆಯ ಬಿಳಿ ಅಲ್ಲಲ್ಲಿ ಇಣುಕಿದರೆ ಇಣುಕಲಿ.

ಚಳಿಗಾಲದಲ್ಲಿ ಎರಡು ದಿನ, ಬೇಸಿಗೆಯಲ್ಲಿ ಒಂದು ದಿನ ಬಿಡಿ. ದಿನ ಎಣಿಸುವುದಕ್ಕಿಂತ ಬೆರಳ ಪರೀಕ್ಷೆ ನಂಬಿಕಸ್ಥ: ಒತ್ತಿದರೆ ಬಣ್ಣ ಹತ್ತಬಾರದು, ಉಗುರೂರಿದರೆ ಗುರುತು ಬೀಳಬೇಕು. ಆದರೆ ಈ ಪರೀಕ್ಷೆ ತಂಪು ಹೊತ್ತಿನಲ್ಲಿ ಮಾಡಿ. ಮಧ್ಯಾಹ್ನ ಮೂರಕ್ಕೆ ಮುಟ್ಟಿದರೆ ಒಣಗಿದ ಪದರವೂ ಮೆತ್ತಗೇ ಇರುತ್ತದೆ, ಹಸಿ ಎಂದುಕೊಂಡು ಇನ್ನೊಂದು ವಾರ ಸುಮ್ಮನೆ ಕಾಯುತ್ತೀರಿ. ಎರಡನೆಯ ಪದರಕ್ಕೆ ಮತ್ತೊಂದು ಬಣ್ಣ, ಈ ಸಲ ರೋಲರಿನಿಂದ, ಬಿಟ್ಟು ಬಿಟ್ಟು.

ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಹಲಗೆಯನ್ನು ಮಲಗಿಸಿ ಒಣಗಿಸಬೇಡಿ. ಕಿಟಕಿಯ ಮಣ್ಣೆಲ್ಲ ಅದರ ಮೇಲೆಯೇ ಕೂರುತ್ತದೆ. ಗೋಡೆಗೆ ಮುಖ ಮಾಡಿ, ನಾಲ್ಕು ಇಂಚು ಅಂತರ ಬಿಟ್ಟು ಓರೆಯಾಗಿ ನಿಲ್ಲಿಸಿ.

ಆಕಾರ ಕೂರಿಸುವುದು

ಮೂರನೆಯ ಪದರದಲ್ಲಿ ಮುಖ ಬರುತ್ತದೆ. ಗೆರೆ ಎಳೆಯದೆ, ಗಾಢ ಛಾಯೆಯ ಒಂದು ದೊಡ್ಡ ತುಂಡಾಗಿ ಶುರುಮಾಡಿ: ಕೂದಲು, ಕಣ್ಣಿನ ಗುಳಿ, ಮೂಗಿನ ಪಕ್ಕ, ಗಲ್ಲದ ಕೆಳಗೆ, ಕತ್ತಿನ ನೆರಳು ಎಲ್ಲ ಸೇರಿ ಒಂದೇ ಆಕಾರ. ಪುಟ್ಟಿ ಬ್ಲೇಡಿನಿಂದ ಐದಾರು ಎಳೆತದಲ್ಲಿ ಮುಗಿಯಬೇಕು. ಬ್ಲೇಡಿನ ಅಗಲ ಹೆಚ್ಚಿದಷ್ಟೂ ವಿವರ ಬರೆಯುವ ಚಪಲ ಕಡಿಮೆ. ಬಳಿಕ ನಡು ಛಾಯೆ, ಕೊನೆಗೆ ತಿಳಿ. ಹಿನ್ನೆಲೆಯನ್ನು ಈಗಲೇ ಎಳೆದು, ಒಂದು ಕಡೆಯಾದರೂ ಮುಖದ ಅಂಚು ಹಿನ್ನೆಲೆಯೊಳಗೆ ಕರಗಲಿ. ಸುತ್ತಲೂ ಅಂಚು ಕಟ್ಟಿದ ಮುಖ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿ. ಚಿತ್ರ ಈಗ ಮೊದ್ದು ಮೊದ್ದಾಗಿ ಕಾಣುವುದು ಸಹಜ.

ಕೆರೆಯುವುದು

ಈ ಮಾಧ್ಯಮದ ಪ್ರಾಣ ಇರುವುದು ಇಲ್ಲಿ, ಕೆಡುವುದೂ ಇಲ್ಲೇ. ಒಂದೇ ಪದರವನ್ನು ಬೇರೆ ಬೇರೆ ಹೊತ್ತಿನಲ್ಲಿ ಕೆರೆದರೆ ಬೇರೆ ಬೇರೆ ಫಲ ಸಿಗುತ್ತದೆ.

ಹಚ್ಚಿ ಅರ್ಧ ಗಂಟೆಯೊಳಗೆ ಬ್ಲೇಡ್ ಎಳೆದರೆ ಬಣ್ಣ ಪೂರ್ತಿ ಹೊರಡುತ್ತದೆ, ಅಂಚು ಮೆತ್ತಗೆ ಉಳಿಯುತ್ತದೆ. ಕೆನ್ನೆಯಿಂದ ಹಿನ್ನೆಲೆಗೆ ಜಾರುವ ಜಾಗಕ್ಕೆ ಇದು ಸರಿ. ಐದಾರು ಗಂಟೆಯ ಮೇಲೆ (ಬೇಸಿಗೆಯಲ್ಲಿ ಎರಡು ಮೂರು) ಪದರ ಗಿಣ್ಣದ ಹಾಗೆ ಬಿಗಿದಿರುತ್ತದೆ. ಆಗ ಕೆರೆದರೆ ಸುರುಳಿ ಸುರುಳಿಯಾಗಿ ಎದ್ದು ಅಂಚು ಚೊಕ್ಕವಾಗಿ ನಿಲ್ಲುತ್ತದೆ. ಬಿದಿರು ಕಡ್ಡಿಯಿಂದ ಗೆರೆ ಗೀರುವುದಕ್ಕೆ, ತುಟಿಯ ಒಂದು ಅಂಚು, ಕಿವಿಯೋಲೆಯ ಒಂದು ವೃತ್ತ, ಇದೇ ತಕ್ಕ ಹೊತ್ತು. ಎರಡು ದಿನ ಕಳೆದ ಮೇಲೆ ಕೆರೆತಕ್ಕೆ ಬಲ ಬೇಕು, ಬ್ಲೇಡ್ ಉಬ್ಬಿದ ತುದಿಗಳನ್ನಷ್ಟೇ ಸವರಿ ಕೆಳಗಿನ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ತೋರಿಸುತ್ತದೆ. ಆನೆಗೊಂದಿಯ ಬಂಡೆಗಳ ಮೇಲೆ ಕಲ್ಲುಹೂವು ಹಬ್ಬಿ ನಡುನಡುವೆ ಕಲ್ಲು ಕಾಣುವುದಿಲ್ಲವೇ, ಆ ತರದ ಮೈ. ಮುದಿ ಹಣೆಗೆ ಇದಕ್ಕಿಂತ ಚೆಂದದ ಉಪಾಯವಿಲ್ಲ.

ಬ್ಲೇಡನ್ನು 30 ಡಿಗ್ರಿಗೆ ಮಲಗಿಸಿ ಹಿಡಿದರೆ ಪದರ ಪದರವಾಗಿ ಬಿಡುತ್ತದೆ, ನೆಟ್ಟಗೆ ನಿಲ್ಲಿಸಿದರೆ ಜೆಸ್ಸೊವರೆಗೂ ಅಗೆಯುತ್ತದೆ. ಪ್ರತಿ ಎಳೆತಕ್ಕೂ ಬ್ಲೇಡ್ ಒರೆಸಿ. ಒರೆಸದ ಬ್ಲೇಡ್ ತೆಗೆದ ಬಣ್ಣವನ್ನೇ ಪಕ್ಕಕ್ಕೆ ಮೆತ್ತುತ್ತದೆ, ಹತ್ತು ಎಳೆತಕ್ಕೆ ಇಡೀ ಮುಖ ಒಂದೇ ರಾಡಿ. ಕೆರೆದು ಬಂದ ಸುರುಳಿಗಳನ್ನು ಬಿಸಾಡದೆ ಬಟರ್ ಪೇಪರಿನಲ್ಲಿ ಕಟ್ಟಿಡಿ. ಎಲ್ಲ ಸೇರಿ ಮಂಕು ಬೂದುಗಂದು ಆಗಿರುತ್ತದೆ, ಮುಂದಿನ ಚಿತ್ರದ ತಳಪದರಕ್ಕೆ ಬರುತ್ತದೆ.

ದ್ರಾವಕದಿಂದ ಒರೆಸುವುದೂ ಕೆರೆತವೇ. ಬಟ್ಟೆಯ ತುದಿಗೆ ಎರಡು ಹನಿ ಹಾಕಿ ತಟ್ಟಿದರೆ ಮೇಲಿನ ಪದರ ಕರಗಿ ಮಂಜಿನಂತೆ ತೆಳುವಾಗುತ್ತದೆ. ಹನಿ ಹೆಚ್ಚಾದರೆ ಮೂರು ಪದರ ಒಟ್ಟಿಗೆ ಹೋಗುತ್ತದೆ, ವಾಪಸು ತರಲಾಗದು.

ಕೆರೆದ ಮೇಲೆ ಮತ್ತೆ ತೆಳುವಾಗಿ ಹಚ್ಚಿ, ಮತ್ತೆ ಕೆರೆಯಿರಿ. ಹಚ್ಚಿದ್ದರಲ್ಲಿ ಅರ್ಧ ಹಲಗೆಯಲ್ಲಿ, ಅರ್ಧ ಕಸದಲ್ಲಿ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಪದರ ಆರೇಳು ದಾಟುವುದು ಬೇಡ.

ಕಣ್ಣು ಕೊನೆಗೆ. ಎರಡನ್ನೂ ಬರೆಯಬೇಡಿ. ಗುಳಿಯ ನೆರಳು ಸರಿಯಾಗಿ ಕೂತಿದ್ದರೆ ಒಂದು ಕಡೆ ರೆಪ್ಪೆಯ ಮೇಲಂಚಿಗೆ ಕಾರ್ಡಿನ ತುದಿಯಿಂದ ಒಂದು ಗಾಢ ಒತ್ತು ಸಾಕು, ಇನ್ನೊಂದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಗುಡ್ಡೆ, ಹೊಳಪಿನ ಬಿಳಿ ಚುಕ್ಕೆ, ಹುಬ್ಬಿನ ಕೂದಲು ಎಂದು ಹೊರಟರೆ ಉಳಿದ ಅಮೂರ್ತವೆಲ್ಲ ಆ ಕಣ್ಣಿನ ಸುತ್ತಲಿನ ಕೊಳೆಯಂತೆ ಕಾಣತೊಡಗುತ್ತದೆ. ಬಾಯಿಗೆ ತುಟಿಗಳ ನಡುವಿನ ನೆರಳು, ಕೆಳತುಟಿಯ ಕೆಳಗಿನ ನೆರಳು, ಇಷ್ಟೇ.

ಕೆಟ್ಟರೆ ಏಕೆ ಕೆಟ್ಟಿತು

ಹೊಸ ಪದರ ಹಳೆಯದರ ಮೇಲೆ ಜಾರುತ್ತಿದ್ದರೆ, ಹಿಡಿಯದೆ ಹಿಂದೆ ಬರುತ್ತಿದ್ದರೆ ಕೆಳಗಿನದು ಇನ್ನೂ ಹಸಿ. ಒಂದು ದಿನ ಬಿಡಿ; ಫ್ಯಾನಿನ ಗಾಳಿ ಹಿಡಿದರೆ ದ್ರಾವಕ ಬೇಗ ಹೋಗುತ್ತದೆ, ಬಿಸಿಲಿಗಿಟ್ಟರೆ ಮೇಣ ಹರಿಯುತ್ತದೆ. ಪದರ ಹಪ್ಪಳದಂತೆ ಎದ್ದು ಬಂದರೆ ಜೆಸ್ಸೊ ವಿಪರೀತ ನುಣುಪಾಗಿತ್ತು, ಇಲ್ಲವೇ ಪೇಸ್ಟ್ ಅರ್ಧಕ್ಕಿಂತ ಹೆಚ್ಚಿತ್ತು. ಆ ಭಾಗವನ್ನು ಜೆಸ್ಸೊವರೆಗೆ ಕೆರೆದು ಹೊಸದಾಗಿ ಕಟ್ಟುವುದೊಂದೇ ದಾರಿ, ಮೇಲೆ ತೇಪೆ ಹಾಕಿದರೆ ತೇಪೆಯೂ ಏಳುತ್ತದೆ. ಸುಕ್ಕು ಬಿದ್ದರೆ ಪದರ ದಪ್ಪವಾಗಿತ್ತು: ಮೇಲ್ಪೊರೆ ಮೊದಲು ಬಿಗಿದು, ಒಳಗಿನದು ಆಮೇಲೆ ಕುಗ್ಗಿದೆ. ಅದು ಚೆಂದ ಕಂಡರೆ ಇಟ್ಟುಕೊಳ್ಳಿ. ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗಿದರೆ, ಎದುರುಬದುರಿನ ಬಣ್ಣಗಳು ಹಸಿಯಿರುವಾಗಲೇ ಬೆರೆತಿವೆ. ಒಂದೇ ಕೂರಿಕೆಯಲ್ಲಿ ಹಸಿರನ್ನೂ ಕೆಂಪನ್ನೂ ಮುಟ್ಟದಿರುವುದು ಇದಕ್ಕೆ ಮದ್ದು. ತಿಂಗಳುಗಳ ಮೇಲೆ ಬಿಳಿ ಮಬ್ಬು ಕವಿದರೆ ಹೆದರಬೇಡಿ, ಮೇಣ ಮೇಲ್ಮೈಗೆ ಬಂದಿದೆ. ಮೆತ್ತನೆ ಬಟ್ಟೆಯಿಂದ ಹಗುರಾಗಿ ತಿಕ್ಕಿದರೆ ಹೋಗುತ್ತದೆ.

ಪಾಲಿಶ್ ಪೇಪರಿನಿಂದ ಒಣ ಬಣ್ಣ ಉಜ್ಜುವುದು ಬೇಡ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಒಣಗಿದ ಮೇಲೆ

ಮುಟ್ಟಲು ಒಂದು ವಾರ, ಒಳಗಿನಿಂದ ಗಟ್ಟಿಯಾಗಲು ಆರು ತಿಂಗಳಾದರೂ ಬೇಕು. ವಾರ್ನಿಷ್ ಹೊಡೆಯಬೇಡಿ. ಅದರ ದ್ರಾವಕ ಮೇಣವನ್ನು ಕರಗಿಸುತ್ತದೆ. ಹೊಳಪು ಬೇಕೆಂದರೆ ತಿಂಗಳ ನಂತರ ಬರಿ ಮೇಣದ ಪೇಸ್ಟನ್ನು ಬಟ್ಟೆಯಲ್ಲಿ ಕಂಡೂ ಕಾಣದಷ್ಟು ತೆಳುವಾಗಿ ಸವರಿ, ಮಾರನೆಯ ದಿನ ಹಳೆ ಕಾಟನ್ ಸೀರೆಯ ತುಂಡಿನಿಂದ ತಿಕ್ಕಿ. ಈ ಕೆಲಸ ತಂಪು ಹೊತ್ತಿನಲ್ಲಿ.

ಗಾಜು ಕಡ್ಡಾಯವಲ್ಲ. ಹಾಕುವುದಾದರೆ ಬಣ್ಣಕ್ಕೂ ಗಾಜಿಗೂ ನಡುವೆ ಅರ್ಧ ಇಂಚಾದರೂ ಇರಲಿ, ತಾಗಿದರೆ ಒಂದೇ ಬೇಸಿಗೆಗೆ ಅಂಟಿಕೊಳ್ಳುತ್ತದೆ. ಗಾಜಿಲ್ಲದ ಚೌಕಟ್ಟಿನಲ್ಲಿ ಹಲಗೆಯ ಸುತ್ತ 5 ಮಿಲಿಮೀಟರ್ ಸಂದು ಬಿಟ್ಟು ಹಿಂದಿನಿಂದ ಸ್ಕ್ರೂ ಹಾಕಿಸಿ. ತೂಗುಹಾಕಲು ಪಡುವಣ ಗೋಡೆಯ ಒಳಮೈ ಬೇಡ, ಸಂಜೆವರೆಗೂ ಕಾದು ರಾತ್ರಿ ಹತ್ತಕ್ಕೂ ಬಿಸಿಯಾಗಿರುತ್ತದೆ.

ಸಾಗಿಸುವಾಗ ಮೊದಲು ಬಟರ್ ಪೇಪರ್, ಅದರ ಮೇಲೆ ರಟ್ಟು, ಆಮೇಲೆ ಬೇಕಾದರೆ ಬಬಲ್ ಶೀಟ್. ಬಬಲ್ ನೇರವಾಗಿ ತಾಗಿದರೆ ಮುಖದ ತುಂಬ ಸಿಡುಬಿನ ಗುಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ, ಅದು ಮೇಣ ಕರಗುವ ಹೊಸ್ತಿಲು. ಬೇಸಿಗೆಯಲ್ಲಿ ಚಿತ್ರವನ್ನು ಬೆಂಗಳೂರಿಗೆ ಕಳಿಸುವುದಿದ್ದರೆ ರಾತ್ರಿ ಗಾಡಿಗೆ ಹಾಕಿ, ಬೆಳಗಾಗುವುದರೊಳಗೆ ಇಳಿಸಿಕೊಳ್ಳುವವರು ಯಾರೆಂದು ಮೊದಲೇ ಮಾತಾಡಿಕೊಂಡಿರಿ.